ಎಲರ್‌ಹೋಲ್ಟರ ತೊಟ್ಟಿಲು

"ಆ ತುದಿ ಗಟ್ಟಿಯಾಗಿ ಹಿಡ್ಕೊಳ್ಳಿ ರಾಜು ಅವರೇ. ಬಗ್ಗಿಸ್ಬೇಡಿ, ಬಗ್ಗಿಸಿದ್ರೆ ಇಲ್ಲೇ ಮುರಿದುಹೋಗುತ್ತೆ."

ಆರತಿ ಪಿಸುಗುಟ್ಟಿದಳು. ಪಕ್ಕದ ಮನೆಯ ಹನುಮಂತರಾಜು, ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದ ಓಕ್ ಮರದ ಗುರಾಣಿಯನ್ನು ನಿದ್ದೆಹೋದ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಕಾರಿನ ಡಿಕ್ಕಿಯಲ್ಲಿ ಮಲಗಿಸಿದರು. ಬೆಳಗಿನ ಏಳು ಗಂಟೆ. ಮಿಲ್ಪಿಟಾಸಿನ ಆ ಟೌನ್‌ಹೌಸುಗಳ ಸಾಲಿನಲ್ಲಿ ಒಂದೊಂದೇ ಗರಾಜಿನ ಬಾಗಿಲು ಗೊರಗೊರ ಎನ್ನುತ್ತ ಮೇಲೆದ್ದು, ಜನ ಫ್ರೀವೇ ಹಿಡಿಯಲು ಹೊರಟಿದ್ದರು. ಪಕ್ಕದ ಮನೆಯಲ್ಲಿ ಸಾವಾಯಿತೆಂದು ಯಾರ ಒಂಬತ್ತು ಗಂಟೆಯ ಮೀಟಿಂಗೂ ನಿಲ್ಲುವುದಿಲ್ಲವಲ್ಲ.

ಹನುಮಂತರಾಜು ಬೆಡ್‌ಶೀಟಿನ ಅಂಚು ಸರಿಸಿ ಇಣುಕಿದರು. ಕಪ್ಪು ಬಣ್ಣದ ಮೇಲೆ ಕತ್ತು ಕೊಂಕಿಸಿದ ಬಿಳಿಯ ಹಂಸ. ಅವರು ಬೆರಳಿನಿಂದ ಹಿಂಬದಿಯನ್ನು ತಡವಿದರು. "ಅಡ್ಡಡ್ಡಕ್ಕೆ ಗರಗಸ ಆಡಿಸಿದ್ದಾರಲ್ಲಮ್ಮ?"

"ನಮ್ಮನೆಯವರೇ ಕೊಯ್ದಿಟ್ಟಿದ್ದು, ಆಸ್ಪತ್ರೆಗೆ ಸೇರೋಕೆ ಮುಂಚೆ. ನನ್ನ ಕೈಯಲ್ಲಿ ಸುಲಭವಾಗಿ ಮುರೀಲಿ ಅಂತ."

ಸತ್ತವರು ಆರತಿಯ ಗಂಡ ಹೆನ್ನಿಂಗ್. ಎಪ್ಪತ್ತೆಂಟು ವರ್ಷ. ಅದರಲ್ಲಿ ಮೂವತ್ತಾರು ವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡಿದವರು. ಅವರ ಪೂರ್ತಿ ಹೆಸರು ಹೆನ್ನಿಂಗ್ ಫಾನ್ ಎಲರ್‌ಹೋಲ್ಟ್. ಆ ಪುಟ್ಟ 'ಫಾನ್' ಹಿಂದೆ ಆರುನೂರು ವರ್ಷದ ಒಂದು ದೊಡ್ಡ ಮನೆತನವಿದೆ ಎಂದು ಈ ಬೀದಿಯಲ್ಲಿ ನಿನ್ನೆಯವರೆಗೂ ಯಾರಿಗೂ ಗೊತ್ತಿರಲಿಲ್ಲ. ಜರ್ಮನಿಯ ಉತ್ತರದ ಅಂಚಿನಲ್ಲಿ, ಡೆನ್ಮಾರ್ಕಿಗೆ ತಾಗಿದ ಸೀಮೆಯಲ್ಲಿ, ಹದಿನಾರು ಹಳ್ಳಿ ಆಳಿದವರು. ಗಡಿ ಆಚೀಚೆ ಸರಿದಂತೆ ಒಮ್ಮೆ ಡೆನ್ಮಾರ್ಕಿನ ರಾಜನಿಗೂ ಒಮ್ಮೆ ಜರ್ಮನಿಯ ಡ್ಯೂಕನಿಗೂ ಸೊಂಟ ಬಗ್ಗಿಸಿದವರು. ತಮ್ಮ ಒಕ್ಕಲಿನವರ ಸೊಂಟವನ್ನು ಮಾತ್ರ ಎರಡೂ ಕಾಲದಲ್ಲಿ ಒಂದೇ ರೀತಿ ಮುರಿದವರು. ಆ ವಂಶದ ಕೊನೆಯ ಗಂಡು ಹೆನ್ನಿಂಗ್. ಅಂಥ ಕೊನೆಯವನನ್ನು ಮಣ್ಣು ಮಾಡುವಾಗ, ಗುಂಡಿಯ ಅಂಚಿನಲ್ಲಿ ನಿಂತು ಮನೆತನದ ಗುರಾಣಿಯನ್ನು ಎರಡು ಹೋಳು ಮಾಡಿ ಪೆಟ್ಟಿಗೆಯ ಮೇಲೆ ಹಾಕಬೇಕು, 'ಇಂದು ಎಲರ್‌ಹೋಲ್ಟ್, ಇನ್ನೆಂದೂ ಇಲ್ಲ' ಎನ್ನಬೇಕು ಎಂಬುದು ಅಲ್ಲಿಯ ಪದ್ಧತಿ. ಹಾಗೆ ಮಾಡುತ್ತೇನೆಂದು ಆರತಿ ಗಂಡನಿಗೆ ಮಾತು ಕೊಟ್ಟಿದ್ದಳು.

ಹನುಮಂತರಾಜುವಿನ ಹೆಂಡತಿ ಜವರಮ್ಮ ಫ್ಲಾಸ್ಕಿನಲ್ಲಿ ಕಾಫಿ ತಂದವರು ಡಿಕ್ಕಿಯನ್ನೊಮ್ಮೆ, ಮಹಡಿಯ ಕಿಟಕಿಯನ್ನೊಮ್ಮೆ ನೋಡಿದರು. ಕಿಟಕಿಯ ಒಳಗೆ ಆರತಿಯ ಮಗಳು ನಿಹಾರಿಕಾ ಮಲಗಿದ್ದಳು. ಏಳು ತಿಂಗಳ ಬಸುರಿ.

"ಬಸುರಿ ಕಣ್ಮುಂದೆ ಒಂದು ಕಾಯಿನೂ ಒಡೀಬಾರ್ದು ಅಂತಾರೆ. ಇದು ನೋಡಿದ್ರೆ ಹೆಣದ ಮ್ಯಾಲೆ ಹಲಗೆ ಒಡೆಯೋ ಸಾಸ್ತ್ರ. ಆ ಹುಡುಗೀನ ಮನೇಲೇ ಬಿಡವ್ವ."

"ಬಿಟ್ಟಿದೀನಿ. ಲೋಹಿತ್‌ಗೂ ಹೇಳಿದೀನಿ, ಅವಳ ಜೊತೆ ಇರು ಅಂತ." ಲೋಹಿತ್ ಅವಳ ಅಳಿಯ, ಮಗಳ ಜೊತೆ ಇದೇ ಮನೆಯಲ್ಲಿರುವವನು. "ಹೋದ ವರ್ಷದ್ದು ಮೂರು ತಿಂಗಳಿಗೇ ಹೋಯ್ತು. ಇನ್ನೊಂದು ಸಲ ನನ್ನ ಕೈಲಿ ನೋಡೋಕಾಗಲ್ಲ ಜವರಕ್ಕ."

ಡಿಕ್ಕಿ ಮುಚ್ಚಿದ ಸದ್ದಿಗೆ ಮೇಲಿನ ಪರದೆ ಸ್ವಲ್ಪ ಅಲುಗಿದಂತಾಯಿತು. ಗಾಳಿಯಿರಬೇಕು ಎಂದುಕೊಂಡು ಆರತಿ ಕಾರು ಹತ್ತಿದಳು.

*

ಇಪ್ಪತ್ತೈದು ವರ್ಷದ ಹಿಂದೆ ಅವಳು ಹೆನ್ನಿಂಗ್‌ನ ಮುಖಕ್ಕಿಂತ ಮೊದಲು ದನಿಯನ್ನು ಕೇಳಿದ್ದಳು. ಸ್ಯಾನ್ ಫ್ರಾನ್ಸಿಸ್ಕೋದ ಒಂದು ಆಫೀಸಿನಲ್ಲಿ ಕಾಗದ ಜೋಡಿಸುವ ಕೆಲಸ. ಕಟ್ಟಿಕೊಂಡವನು ಮಗಳಿಗೆ ಎರಡು ತುಂಬುವ ಮೊದಲೇ ಕೈಕೊಟ್ಟು ಹೋಗಿದ್ದ. ಅಂದು ಡೇಕೇರಿಗೆ ರಜೆ, ಐದು ವರ್ಷದ ನಿಹಾರಿಕಾಳನ್ನು ಕೈಹಿಡಿದುಕೊಂಡು ಲಿಫ್ಟು ಹತ್ತಿದ್ದಳು. ಏಳನೇ ಮಹಡಿಗೂ ಎಂಟಕ್ಕೂ ನಡುವೆ ಲಿಫ್ಟು ನಿಂತಿತು, ದೀಪ ಹೋಯಿತು, ಮಗು ಕಿರುಚತೊಡಗಿತು.

"ಕೂತ್ಕೊಳ್ಳಿ, ಗೋಡೆಗೆ ಒರಗಿ," ಎಂದಿತು ಮೇಲಿನಿಂದ ಒಂದು ಗಂಡು ದನಿ. "ನಾನಿಲ್ಲೇ ಇದೀನಿ. ನಾನಿರೋವರೆಗೆ ಇದು ಬೀಳಲ್ಲ."

ಮೇಲಿನ ಕಿಂಡಿ ತೆರೆದು, ದಾರಕ್ಕೆ ಕಟ್ಟಿದ ಒಂದು ಹಿತ್ತಾಳೆಯ ನಟ್ಟು ಇಳಿದುಬಂತು. ಮಗು ಅಳು ನಿಲ್ಲಿಸಿ ಅದನ್ನು ಹಿಡಿಯಿತು. ಅರ್ಧ ಗಂಟೆ ಕಳೆದು ಬಾಗಿಲು ತೆರೆದಾಗ ಎದುರಿಗೆ ಎತ್ತರದ, ಬಡಕಲು ಮನುಷ್ಯ. ನೀಲಿ ಯೂನಿಫಾರ್ಮಿನ ಜೇಬಿನ ಮೇಲೆ ಕೆಂಪು ದಾರದಲ್ಲಿ ಹೊಲಿದ ಹೆಸರು. ಆಗಷ್ಟೇ ಅಕ್ಷರ ಕಲಿಯುತ್ತಿದ್ದ ನಿಹಾರಿಕಾ ಬೆರಳಿಟ್ಟು ಕೂಡಿಸಿ ಕೂಡಿಸಿ ಓದಿದಳು: ಎಲರ್‌ಹೋಲ್ಟ್. ಅವಳು ತಾನಾಗಿ ಓದಿದ ಮೊದಲ ಹೆಸರು ಅದು.

ಮುಂದಿನದು ಎಲ್ಲರ ಬದುಕಿನಂಥದೇ. ಮದುವೆ, ಮಿಲ್ಪಿಟಾಸಿನ ಮನೆ, ಕಂತು, ಭಾನುವಾರದ ಗ್ರೋಸರಿ. ಹೆನ್ನಿಂಗ್ ಮುದ್ದೆ ನುಂಗುವುದನ್ನು ಕಲಿತರು, ಉಪ್ಸಾರಿನ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ಸೌಟು ಕೇಳಿದರು. ಆರತಿ ತವರಿನಿಂದ ಸೂಟ್‌ಕೇಸಿನ ತಳದಲ್ಲಿ ಹೊತ್ತು ತಂದಿದ್ದ ಗುಂಡುಕಲ್ಲನ್ನು ಕಂಡು, "ಇದು ಬಾಂಬಲ್ಲ ಅಂತ ಏರ್‌ಪೋರ್ಟಿನವರಿಗೆ ಹೇಗೆ ನಂಬಿಸಿದೆ?" ಎಂದು ವರ್ಷಕ್ಕೊಮ್ಮೆಯಾದರೂ ಕೇಳಿ ನಗುತ್ತಿದ್ದರು. ಗೋಡೆಯ ಮೇಲಿನ ಗುರಾಣಿಯನ್ನು ಆರತಿ 'ನಿಮ್ಮ ಬಾತುಕೋಳಿ' ಎಂದು ಹಂಗಿಸಿದರೆ ಮಾತ್ರ ಅವರು ನಗುತ್ತಿರಲಿಲ್ಲ.

*

ಕೋಲ್ಮಾ ಊರಿನಲ್ಲಿ ಬದುಕಿರುವವರಿಗಿಂತ ಸತ್ತವರೇ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೋ ತನ್ನ ಹೆಣಗಳಿಗೆಲ್ಲ ಜಾಗ ತೋರಿಸಿದ್ದು ಇಲ್ಲೇ. ಹತ್ತು ಗಂಟೆಯಾದರೂ ಮಂಜು ಇಳಿಜಾರಿನ ಮೇಲೆ ಕದಲದೆ ಕೂತಿತ್ತು. ಹೆನ್ನಿಂಗ್ ಜೊತೆ ಕೆಲಸ ಮಾಡಿದ ಐದಾರು ಮುದುಕರು ಕೋಟಿನ ಗುಂಡಿ ಹಾಕಿಕೊಂಡು ಬಂದಿದ್ದರು.

"ದೊರೆ ಮನೆತನವಂತೆ ಕಣೇ," ಎಂದರು ಹನುಮಂತರಾಜು, ಹೆಂಡತಿಯ ಕಿವಿಯಲ್ಲಿ.

"ದೊರೆನಾ? ನಮ್ಮನೆ ಡಿಶ್‌ವಾಷರು ಮೂರು ಸಲ ರಿಪೇರಿ ಮಾಡ್ಕೊಟ್ಟೋರು! ಕೊನೇ ಸಲ ನೆಲದ್ಮೇಲೆ ಮಕಾಡೆ ಮಲಗಿದ್ರು ಪಾಪ, ಒಂದು ಲೋಟ ನೀರು ಬಿಟ್ಟು ಏನೂ ಮುಟ್ಟಲಿಲ್ಲ." ಜವರಮ್ಮನಿಗೆ ದುಃಖ ಒತ್ತರಿಸಿ ಬಂತು. ಸೆರಗು ಬಾಯಿಗೆ ಒತ್ತಿಕೊಂಡರು.

ಗುಂಡಿಯ ಹತ್ತಿರ ಡಾಗ್ಮಾರ್ ನಿಂತಿದ್ದರು. ಹೆನ್ನಿಂಗ್‌ನ ಸೋದರತ್ತೆಯ ಮಗಳು, ಎಂಬತ್ತೆರಡರ ಮುದುಕಿ. ಗುರಾಣಿ ಒಡೆಯುವಾಗ ಆ ಮಾತನ್ನು ಹೇಳಲು ರಕ್ತಸಂಬಂಧಿಯೊಬ್ಬರು ಬೇಕೆಂದು ಕೋಪನ್‌ಹೇಗನ್ನಿನಿಂದ ಒಬ್ಬರೇ ವಿಮಾನ ಹತ್ತಿ ಬಂದಿದ್ದರು. ಕಪ್ಪು ಕೋಟು, ಕೈಯಲ್ಲಿದ್ದ ಕೋಲಿನಷ್ಟೇ ನೆಟ್ಟಗಿನ ಬೆನ್ನು. ಆರತಿಯ ಕೈಯನ್ನು ಹಿಡಿದವರು ಬಿಡಲಿಲ್ಲ.

"ನಿನ್ನ ಕೈ ತಣ್ಣಗಿದೆ," ಎಂದರು ಇಂಗ್ಲಿಷಿನಲ್ಲಿ. "ಒಂದೇ ಏಟಿಗೆ ಮುರಿ. ಅರ್ಧ ಮುರಿದರೆ ಅರ್ಧ ಹೆಸರು ಉಳಿಯುತ್ತದೆ ಅನ್ನುತ್ತಿದ್ದರು ನಮ್ಮ ಅಜ್ಜ. ನಿನಗೆ ಹೆನ್ನಿಂಗ್ ಎಲ್ಲ ಹೇಳಿದ್ದಾನೆ ತಾನೆ?"

"ಹೇಳಿದ್ದಾರೆ."

"ಹಾಗಾದರೆ ಸರಿ. ಇವತ್ತಿಗೆ ಮುಗಿಯಲಿ."

*

ನಿಹಾರಿಕಾಳಿಗೆ ಹನ್ನೊಂದು ವರ್ಷವಾದಾಗ ಶಾಲೆಯ ಒಂದು ಫಾರ್ಮು ಹಿಡಿದುಕೊಂಡು ಬಂದು, ತನ್ನ ಹೆಸರಿನ ಮುಂದೆ ಎಲರ್‌ಹೋಲ್ಟ್ ಎಂದು ಹಾಕಲೇ ಎಂದು ಕೇಳಿದ್ದಳು. ಹೆನ್ನಿಂಗ್ "ಬೇಡ" ಎಂದರು. ಅಷ್ಟೇ. ಎದ್ದು ಗರಾಜಿಗೆ ಹೋದರು. ಹುಡುಗಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವರ ಬೂಟಿನ ದಾರಕ್ಕೆ ಕಟ್ಟಿಹಾಕಿದವಳ ಹಾಗೆ ಹಿಂದೆಹಿಂದೆ ತಿರುಗುತ್ತಿದ್ದವಳು ಅಂದಿನಿಂದ ಒಂದು ಹೆಜ್ಜೆ ದೂರವಾದಳು.

ಆರತಿಗೆ ಕೋಪ ನೆತ್ತಿಗೇರಿತು. "ನಿಮ್ಮ ಬಾತುಕೋಳಿ ವಂಶಕ್ಕೆ ನನ್ನ ಮಗಳು ಮೈಲಿಗೆಯಾ?" ಎಂದು ಜಗಳಕ್ಕೇ ನಿಂತಳು. ಆಗ ಹೆನ್ನಿಂಗ್ ಕಪಾಟಿನಿಂದ ತೊಗಲಿನ ರಟ್ಟಿನ ವಂಶಾವಳಿಯನ್ನು ತಂದು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದರು. ಹೆಸರುಗಳು, ಗೆರೆಗಳು. ಪ್ರತಿ ತಲೆಮಾರಿನ ಮೊದಲ ಹೆಸರಿನ ಪಕ್ಕದಲ್ಲೂ ಒಂದು ಸಣ್ಣ ಶಿಲುಬೆ, ಶಿಶುವಾಗಿದ್ದಾಗಲೇ ಸತ್ತದ್ದರ ಗುರುತು.

"ಇವಳಿಂದ ಶುರು," ಎಂದರು. ಆದರೆ ಅವರ ಬೆರಳು ನಿಂತ ಜಾಗದಲ್ಲಿ ಯಾವ ಹೆಸರೂ ಇರಲಿಲ್ಲ. "ಇಲ್ಲಿ ಬರೆದಿಲ್ಲ. ಒಕ್ಕಲಿನ ಹೆಂಗಸನ್ನ ಯಾರು ಬರೀತಾರೆ? ವೀಬ್ಕೆ ಅಂತ. ಆಗಷ್ಟೇ ಹೆತ್ತವಳು. ದೊಡ್ಡಮನೆಯ ಮಗುವಿಗೆ ಹಾಲು ಕುಡಿಸೋಕೆ ಅವಳನ್ನ ಎಳೆದು ತಂದರು, ಅವಳ ಮಗೂನ ಗುಡಿಸಲಲ್ಲೇ ಬಿಟ್ಟರು. ಚಳಿಗಾಲ. ಮೂರು ದಿನ ಮನೆಗೆ ಹೋಗೋಕೆ ಬಿಡಲಿಲ್ಲ. ನಾಲ್ಕನೇ ದಿನ ಹೋದಾಗ ತೊಟ್ಟಿಲಲ್ಲಿ ಇದ್ದದ್ದು ಹಿಮದ ಗಡ್ಡೆಯಂಥ ಮಗು. ಅದನ್ನ ತಂದು ದೊಡ್ಡಮನೆ ಬಾಗಿಲಲ್ಲಿಟ್ಟು ಹೇಳಿದಳಂತೆ, ಈ ಹೆಸರು ಹೊತ್ತ ಚೊಚ್ಚಲು ಇನ್ನು ತೊಟ್ಟಿಲಿಂದ ಏಳದಿರಲಿ ಅಂತ."

"ನಿಮಗೂ..."

"ನನ್ನ ಅಣ್ಣ, ಆರು ವಾರ. ಮೊದಲನೇ ಹೆಂಡತಿಯಿಂದ ನನ್ನ ಮಗ, ಹನ್ನೊಂದು ದಿನ."

ಮಳವಳ್ಳಿಯ ಸೀಮೆಯವಳು ಆರತಿ. ತಲಕಾಡಿನ ಮರಳನ್ನು ತೋರಿಸಿ, ಒಬ್ಬ ಹೆಣ್ಣಿನ ಸಂಕಟ ಮೈಸೂರರಸರ ತೊಟ್ಟಿಲಿಗೆ ಹೇಗೆ ತಟ್ಟಿತೆಂದು ಅಜ್ಜಿ ಹೇಳುವುದನ್ನು ಕೇಳುತ್ತ ಬೆಳೆದವಳು. ಅವಳಿಗೆ ಯಾರೂ ಹೆಚ್ಚು ವಿವರಿಸಬೇಕಾಗಿರಲಿಲ್ಲ. ಆದರೂ ಕೇಳಿದಳು, "ನೀವು ಮೆಷಿನ್ನು ಬಿಚ್ಚಿ ನೋಡೋ ಜನ. ಇದನ್ನ ನಂಬ್ತೀರಾ?"

"ನಂಬಲ್ಲ. ಆದ್ರೆ ಕೇಬಲ್ ಸವೆದಿದೆ ಅಂತ ಅನುಮಾನ ಬಂದ್ರೆ ಆ ಲಿಫ್ಟಿಗೆ ಮಗೂನ ಹತ್ತಿಸ್ತೀಯಾ?" ಹೆನ್ನಿಂಗ್ ಪುಸ್ತಕ ಮುಚ್ಚಿದರು. "ಅವಳಿಗೆ ಹೇಳ್ಬೇಡ. ನನ್ನನ್ನ ಬೈದುಕೊಂಡೇ ಬೆಳೀಲಿ. ಹೆಸರು ನನ್ನ ಜೊತೆ ಹೋಗುತ್ತೆ, ಅವಳು ಆರಾಮಾಗಿ ಇರ್ತಾಳೆ."

ನಿಹಾರಿಕಾ ಬಸುರಾಗಿ ಐದು ತಿಂಗಳು ದಾಟಿದ ಮೇಲೆ, ಹುಟ್ಟುವ ಮಗುವಿಗೆ ಲೋಹಿತನ ಮನೆಯ ಹೆಸರು ತಾನೆ ಎಂದು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡು, ಹೆನ್ನಿಂಗ್ ಗರಾಜಿನಲ್ಲಿ ಒಂದು ತೊಟ್ಟಿಲು ಕಟ್ಟಲು ಕೂತರು. ಕಟ್ಟುತ್ತ ಸಿಳ್ಳೆ ಹಾಕುತ್ತಿದ್ದರು. ಅವರು ಸಿಳ್ಳೆ ಹಾಕಿದ್ದನ್ನು ಆರತಿ ಕೇಳಿದ್ದು ಅದೇ ಮೊದಲು.

*

ಪೆಟ್ಟಿಗೆ ಇಳಿಯಿತು. ಡಾಗ್ಮಾರ್ ಜರ್ಮನ್ನಿನಲ್ಲಿ ಆ ಮಾತನ್ನು ಹೇಳಿದರು. ಮಂಜಿನಲ್ಲಿ ಅದು ದೂರ ಹೋಗದೆ ಅಲ್ಲೇ ನಿಂತಂತಿತ್ತು. ಆರತಿ ಗುರಾಣಿಯನ್ನು ಮಂಡಿಗೆ ಆನಿಸಿ, ಎರಡೂ ಅಂಚು ಹಿಡಿದು ಒತ್ತಿದಳು. ಚಿಟ್ ಎಂದು ಒಳಗೆಲ್ಲೋ ನಾರು ಬಿಟ್ಟ ಸದ್ದು. ಇನ್ನೊಂದು ಸಲ ಒತ್ತಿದ್ದರೆ ಆಗಿಹೋಗುತ್ತಿತ್ತು.

ಅಷ್ಟರಲ್ಲಿ ಅವಳ ಕಣ್ಣಿಗೆ ಇಳಿಜಾರು ಹತ್ತಿ ಬರುತ್ತಿದ್ದ ಮಗಳು ಕಂಡಳು. ಬಿಚ್ಚಿದ ಜಾಕೆಟ್ಟು, ಅದರಾಚೆಗೆ ಹೊಟ್ಟೆ. ಹಿಂದಿನಿಂದ ಲೋಹಿತ್ ಏದುಸಿರು ಬಿಡುತ್ತ, "ನಾನು ಎಷ್ಟು ಹೇಳಿದ್ರೂ ಕೇಳಲಿಲ್ಲ ಅತ್ತೆ," ಎನ್ನುತ್ತಿದ್ದ.

ಆರತಿಯ ಕೈ ತಾನಾಗಿ ನಿಂತಿತು. ಬಸುರಿಯ ಕಣ್ಣೆದುರಿಗೆ ಮುರಿಯುವುದಾದರೂ ಹೇಗೆ? ಅವಳು ಗುರಾಣಿಯನ್ನು ಎದೆಗೆ ಅವಚಿಕೊಂಡುಬಿಟ್ಟಳು.

"ಸ್ಟಾಪ್, ಅಮ್ಮಾ! ಒಡೀಬೇಡ." ನಿಹಾರಿಕಾಳ ಕೈಯಲ್ಲಿ ಮಡಚಿದ ಕಾಗದವಿತ್ತು. "ಅಪ್ಪ ಲಾಸ್ಟ್ ಅಲ್ಲ. ನೋಡು, ಕೋರ್ಟ್ ಆರ್ಡರ್. ನಾನು ಈಗ ನಿಹಾರಿಕಾ ಎಲರ್‌ಹೋಲ್ಟ್. ಬೇಬಿಗೂ ಅದೇ ನೇಮ್. ಲೋಹಿತ್‌ಗೆ ಓಕೆ. ಅಪ್ಪಂಗೆ ಹಾಸ್ಪಿಟಲಲ್ಲಿ ಪೇಪರ್ ತೋರಿಸ್ದೆ. ಸರ್‌ಪ್ರೈಸ್ ಅಂತ. ಅಪ್ಪ ಅತ್ತುಬಿಟ್ರು ಅಮ್ಮಾ. ಅಷ್ಟು ಹ್ಯಾಪಿ ಆದ್ರು."

ಆರತಿಗೆ ಆಸ್ಪತ್ರೆಯ ಆ ದಿನ ಈಗ ಅರ್ಥವಾಯಿತು. ಕಳೆದ ಗುರುವಾರ ಅವಳು ಕ್ಯಾಂಟೀನಿನಿಂದ ವಾಪಸು ಬಂದಾಗ ಹೆನ್ನಿಂಗ್ ಹಾಸಿಗೆಯಿಂದ ಅರ್ಧ ಎದ್ದಿದ್ದರು. ಮುಖವೆಲ್ಲ ಒದ್ದೆ. ಅವಳ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದು, "ಒಡಿ, ಬೇಗ ಒಡಿ," ಎಂದಷ್ಟೇ ಹೇಳಿದ್ದರು. ಆಮೇಲೆ ಮಾತು ಬರಲಿಲ್ಲ. ಜ್ವರದ ಕನವರಿಕೆ ಎಂದು ಅವಳು ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು. ಶನಿವಾರ ಅವರು ಹೋದರು. ಆ ಉಗುರಿನ ಗುರುತು ಇನ್ನೂ ಅವಳ ಮಣಿಕಟ್ಟಿನ ಮೇಲಿತ್ತು.

ಡಾಗ್ಮಾರ್ ಕಾಗದವನ್ನು ನೋಡಲಿಲ್ಲ, ಹೊಟ್ಟೆಯನ್ನು ನೋಡಿದರು. "ಇದು ಮೊದಲನೆಯದಾ?" ಎಂದು ಕೇಳಿದರು.

"ಹೌದು, ಫಸ್ಟ್!" ಎಂದು ನಿಹಾರಿಕಾ ನಕ್ಕಳು. ಮುದುಕಿ ಕೋಲೂರಿ ಒಂದು ಹೆಜ್ಜೆ ಹಿಂದೆ ಸರಿದರು.

ಗುರಾಣಿಯಿಲ್ಲದೆಯೇ ಮಣ್ಣು ಬಿತ್ತು.

*

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಆರತಿ ಮಗಳಿಗೆ ಎಲ್ಲವನ್ನೂ ಹೇಳಿದಳು. ವೀಬ್ಕೆ, ಶಿಲುಬೆಗಳು, ಹನ್ನೊಂದು ದಿನದ ಮಗು. ನಿಹಾರಿಕಾ ಗುರಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಅಮ್ಮಾ, ಆ ಕಾಲದಲ್ಲಿ ಎಲ್ಲಾರ ಮನೇಲೂ ಬೇಬೀಸ್ ಸಾಯ್ತಿದ್ವು. ಅದು ಹಿಸ್ಟರಿ."

"ಅವರು ನಿನಗೆ ಹೆಸರು ಕೊಡದೇ ಇದ್ದಿದ್ದು ಅದಕ್ಕೇ ಕಣೇ. ನೀನು ಬೇಡ ಅಂತಲ್ಲ."

ನಿಹಾರಿಕಾಳ ಕಣ್ಣು ತುಂಬಿತು. "ಅಂದ್ರೆ ಅಪ್ಪಂಗೆ ನಾನು ಬೇಕಿತ್ತು. ನೈನ್‌ಟೀನ್ ಇಯರ್ಸ್ ನಾನು ಬೇಡ ಅಂತ ಅಂದ್ಕೊಂಡಿದ್ದೆ. ಈಗ ಇನ್ನೂ ಬೇಕು ನಂಗೆ ಆ ನೇಮ್." ಅವಳು ತಾಯಿಯ ಕೈ ತೆಗೆದುಕೊಂಡು ಹೊಟ್ಟೆಯ ಮೇಲಿಟ್ಟಳು. "ನೋಡು, ಬೆಳಗಿಂದ ಒದೀತಾನೇ ಇದೆ. ನೀನೇ ತಾನೆ ನಿಲ್ಲಿಸಿದ್ದು? ಒಡೀಲಿಲ್ಲ ನೀನು. ಥ್ಯಾಂಕ್ಸ್ ಅಮ್ಮಾ."

ಆರತಿ ನಿಲ್ಲಿಸಿದ್ದು ಬಸುರಿಯ ಕಣ್ಣೆದುರು ಒಡೆಯಬಾರದೆಂದು ಮಾತ್ರ. ಅಂಗೈ ಕೆಳಗೆ ಮಗು ಎರಡು ಸಲ ಒದೆಯಿತು. ಅವಳಿಗೆ ಜೀವಮಾನದಲ್ಲಿ ಇಷ್ಟು ಭಯ ಎಂದೂ ಆಗಿರಲಿಲ್ಲ.

ಮನೆಗೆ ಬಂದು ಸ್ನಾನ ಮುಗಿಸುವಷ್ಟರಲ್ಲಿ ನಿಹಾರಿಕಾ ಲೋಹಿತನಿಂದ ಮಗುವಿನ ಕೋಣೆಯಲ್ಲಿ ಮೊಳೆ ಹೊಡೆಸಿ ಗುರಾಣಿಯನ್ನು ತೂಗುಹಾಕಿಸಿದ್ದಳು, ಹೆನ್ನಿಂಗ್ ಕಟ್ಟಿದ ತೊಟ್ಟಿಲಿನ ನೇರ ಮೇಲೆ. ಸುತ್ತಿಗೆಯ ಏಟಿಗೋ ಏನೋ ಖಾಲಿ ತೊಟ್ಟಿಲು ಮೆಲ್ಲಗೆ ಆಡುತ್ತಿತ್ತು. ಸಾವಿನ ಮನೆಗೆಂದು ಅನ್ನ, ಸಾರು ತಂದ ಜವರಮ್ಮ ಓಡಿಹೋಗಿ ಅದನ್ನು ಹಿಡಿದು ನಿಲ್ಲಿಸಿದರು.

"ಬರೀ ತೊಟ್ಟಿಲು ತೂಗಬಾರ್ದು ಕಣವ್ವ. ಗುಂಡುಕಲ್ಲಾದ್ರೂ ಹಾಕಿಡು. ಹೆಸರಿಡೋ ದಿನ ಮೊದಲು ಅದನ್ನೇ ಅಲ್ವಾ ಮಲಗ್ಸೋದು? ಚೊಚ್ಚಲು ಅದೇ ಅಂತ ಆಗ್ಲಿ, ಮಗ ಕಲ್ಲಿನಂಗೆ ಗಟ್ಟಿಯಾಗಿರ್ಲಿ ಅಂತ."

ಆರತಿ ಅನ್ನ, ಸಾರಿನ ಪಾತ್ರೆಗಳನ್ನು ಅಡುಗೆಮನೆಗೆ ಒಯ್ದಳು. ಆ ಮಾತು ಮಾತ್ರ ಅವಳ ತಲೆಯಿಂದ ಹೋಗಲಿಲ್ಲ.

ಮಧ್ಯಾಹ್ನ ಮೂರಕ್ಕೆ ಲೋಹಿತ್ ಡಾಗ್ಮಾರರನ್ನು ಹೋಟೆಲಿಗೆ ಬಿಡಲು ಹೋದ. ನಿಹಾರಿಕಾ ಊಟ ಮಾಡಿ ಮಲಗಿದ್ದಳು. ಆರತಿ ಅಡುಗೆಮನೆಯಿಂದ ಗುಂಡುಕಲ್ಲನ್ನು ತಂದಳು. ಬೀರುವಿನಿಂದ ಹೆನ್ನಿಂಗ್‌ನ ನೀಲಿ ಯೂನಿಫಾರ್ಮಿನ ಅಂಗಿ ತೆಗೆದು ಕಲ್ಲಿಗೆ ಸುತ್ತಿದಳು, ಕೆಂಪು ದಾರದ ಹೆಸರು ಮೇಲೆ ಬರುವಂತೆ. ಅಂಗಿಯಲ್ಲಿ ಇನ್ನೂ ಗ್ರೀಸಿನ ವಾಸನೆಯಿತ್ತು. ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ, "ಇದೇ ನಿಮ್ಮ ಮನೆಯ ಚೊಚ್ಚಲು ತಾಯೀ," ಎಂದು ಕಂಡೇ ಇರದ ವೀಬ್ಕೆಗೆ ಹೇಳಿದಳು. "ಹೆಸರು ಬರೆದಿದೀನಿ, ನೋಡ್ಕೋ. ಇದನ್ನ ತಗೊಂಡು ಹೋಗು. ನನ್ನ ಮಗಳದನ್ನ ಬಿಡು."

ಆಮೇಲೆ ಗೋಡೆಯ ಕಡೆ ತಿರುಗಿದಳು. ಮಗಳು ಏಳುವುದರೊಳಗೆ ಆಗಬೇಕು. ಆಮೇಲೆ ಅವಳು ಏನು ಬೇಕಾದರೂ ಅನ್ನಲಿ, ಮುಖ ನೋಡದೇ ಇರಲಿ, ಮಗುವೊಂದು ಉಳಿದರೆ ಸಾಕು. ಗುರಾಣಿಯ ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಳು. ಡಾಗ್ಮಾರ್ ಹೇಳಿದ ಜರ್ಮನ್ ಮಾತು ನೆನಪಿರಲಿಲ್ಲ.

"ಇವತ್ತು ಎಲರ್‌ಹೋಲ್ಟ್," ಎಂದಳು, "ಇನ್ನು ಯಾವತ್ತೂ ಇಲ್ಲ."

ಮೈಯ ಭಾರವನ್ನೆಲ್ಲ ಹಾಕಿ ಎಳೆದಳು. ಗೋಡೆಯೇ ಬಿರಿದಂಥ ಸದ್ದಾಯಿತು. ಕೆಳಗಿನ ಅರ್ಧ ಅವಳ ಕೈಗೆ ಬಂತು. ಮೇಲಿನ ಅರ್ಧ, ಹಂಸದ ಕತ್ತಿನ ಸಮೇತ, ಮೊಳೆಯಲ್ಲೇ ಉಳಿಯಿತು.

ಹಿಂದೆ ನೆಲದ ಹಲಗೆ ಕಿರ್ರೆಂದಿತು.

ನಿಹಾರಿಕಾ ಬಾಗಿಲಲ್ಲಿ ನಿಂತಿದ್ದಳು. ಬರಿಗಾಲು, ಬಿಚ್ಚಿದ ಕೂದಲು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅವಳು ತಾಯಿಯನ್ನು ನೋಡಲಿಲ್ಲ, ಗೋಡೆಯನ್ನು ನೋಡಿದಳು, ತೊಟ್ಟಿಲೊಳಗಿನ ನೀಲಿ ಅಂಗಿಯನ್ನು ನೋಡಿದಳು. ಒಂದು ಕೈ ಬಾಗಿಲ ಚೌಕಟ್ಟು ಹಿಡಿದಿತ್ತು. ಇನ್ನೊಂದು ಕೈ ಹೊಟ್ಟೆಯ ಮೇಲೆ ಒಂದು ಕಡೆ ಒತ್ತಿ ನಿಂತಿತು, ಅಲ್ಲಿಂದ ಇನ್ನೊಂದು ಕಡೆಗೆ ಸರಿದು ಒದೆತಕ್ಕೆ ಕಾಯಿತು, ಮತ್ತೆ ಮೊದಲಿದ್ದಲ್ಲಿಗೇ ಬಂತು.

"ಅಮ್ಮಾ," ಎಂದಳು.

ಆರತಿಯ ಕೈಯ ಹೋಳು ತಾಗಿ ತೊಟ್ಟಿಲು ಆಡತೊಡಗಿತ್ತು. ನಿಲ್ಲಿಸಲು ಅವಳಿಗೆ ಕೈ ಖಾಲಿಯಿರಲಿಲ್ಲ. ಕಲ್ಲಿನ ಭಾರಕ್ಕೆ ಅದು ಆ ತುದಿಯಿಂದ ಈ ತುದಿಗೆ, ಒಂದೇ ಸಮನೆ ತೂಗುತ್ತಿತ್ತು.